ಕಾಮಾದ ಒಳಗಿನ ಮಾತು

ಕಿತ್ತೂರ ಅಕ್ಕೋರು ಸಂತೋಷವಾಗಿದ್ದಾಗಲೂ ಸಿಟ್ಟಿನಲ್ಲೇ ಇರುತ್ತಿದ್ದರು. ಒಳ್ಳೆಯ ಸುದ್ದಿ ತಂದವರನ್ನೂ ಬಾಗಿಲಲ್ಲೇ ನಿಲ್ಲಿಸಿ, ಕನ್ನಡಕದ ಮೇಲಿನಿಂದ ನೋಡಿ, "ಯಾರು ಅಂದ್ರು? ನೀ ನಿನ್ನ ಕಿವೀಲೆ ಕೇಳೀಯೇನ?" ಎಂದು ವಿಚಾರಣೆ ಶುರು ಮಾಡುತ್ತಿದ್ದರು. ಮೊಮ್ಮಗ ಹುಟ್ಟಿದನೆಂದು ಪೇಢೆ ಹಿಡಿದು ಬಂದ ಪಕ್ಕದ ಮನೆಯ ಅಜ್ಜಿಗೂ ಇದೇ ಪ್ರಶ್ನೆ. ಅಜ್ಜಿ ಪಾಪ ಗಾಬರಿಯಾಗಿ, ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹೆಸರು ಹೇಳಿ ಪಾರಾಗಿದ್ದಳು.

ನಮ್ಮ ಕಡೆ ಹೆಣ್ಣು ಮಾಸ್ತರರಿಗೆ ಅಕ್ಕೋರು ಅನ್ನುತ್ತೇವೆ. ಕಿತ್ತೂರ ಎಂಬುದು ಅಡ್ಡಹೆಸರು; ಇವರು ಧಾರವಾಡದಿಂದ ದಾಂಡೇಲಿಗೆ ನಮ್ಮ ಹೈಸ್ಕೂಲಿನಲ್ಲಿ ಇಂಗ್ಲೀಷು ಕಲಿಸಲು ಬಂದವರು. ಅಂಬೇವಾಡಿಯಲ್ಲಿ ಒಂದೇ ಖೋಲಿಯ ಮನೆ, ಒಬ್ಬರೇ ವಾಸ. ಎತ್ತರದ ಕಪ್ಪನೆಯ ಹೆಂಗಸು, ಇಳಕಲ್ ಸೀರೆ, ಮಳೆ ಇರಲಿ ಬಿಡಲಿ ಬಗಲಲ್ಲಿ ಕೊಡೆ. ಸಿಟ್ಟು ಹೆಚ್ಚಾದ ದಿನ ಮೆಣಸಿನಕಾಯಿ ಭಜಿ ತರಿಸಿ ತಿನ್ನುತ್ತಿದ್ದರು. ಖಾರಕ್ಕೆ ಖಾರವೇ ಔಷಧವೆಂದು ಅವರ ನಂಬಿಕೆ. ಆ ಔಷಧಿ ವಾರಕ್ಕೆ ಮೂರು ಸಲವಾದರೂ ಬೇಕಾಗುತ್ತಿತ್ತು.

ಅವರಿಗೆ ಅಷ್ಟು ಸಿಟ್ಟು ಬರಲು ಊರೂ ಕಾರಣ. ಕಾಗದ ಗಿರಣಿಯ ಸುತ್ತ ಹೊಸದಾಗಿ ಎದ್ದ ಊರು ಅದು. ಎಲ್ಲರೂ ಎಲ್ಲಿಂದಲೋ ಬಂದವರು, ಯಾರ ಅಜ್ಜನನ್ನೂ ಯಾರೂ ಕಂಡವರಲ್ಲ. ಅಂಥಲ್ಲಿ ಗಾಳಿಮಾತಿಗೇನು ಬರ? "ಹಂಗಂತ, ಹಿಂಗಂತ" ಎಂದೇ ಊರು ನಡೆಯುತ್ತಿತ್ತು. ಅಕ್ಕೋರಿಗೆ ಮಾತ್ರ ಆ ಗಾಳಿ ಒಗ್ಗಲೇ ಇಲ್ಲ.

ಇಂಗ್ಲೀಷಿನಲ್ಲಿ ನಮ್ಮ ಯಾವ ತಪ್ಪನ್ನಾದರೂ ಅವರು ಕ್ಷಮಿಸುತ್ತಿದ್ದರು. ಸ್ಪೆಲಿಂಗ್ ಎಡವಿದರೆ ನಕ್ಕು ತಿದ್ದಿ ಮುಂದೆ ಹೋಗುತ್ತಿದ್ದರು. ಆದರೆ ಇನ್ವರ್ಟೆಡ್ ಕಾಮಾ ತಪ್ಪಿದರೆ ಮುಗಿಯಿತು, ಕರಿಹಲಗೆಯ ಮೇಲೆ ಸೀಮೆಸುಣ್ಣ ಮುರಿಯುತ್ತಿತ್ತು. "ಈ ಜೋಡಿ ಕಾಮಾ ಅಂದ್ರ ಮನುಷ್ಯಾನ ಎರಡು ತುಟಿ ಇದ್ದಂಗ. ಒಳಗ ಅವನ ಮಾತ ಇರಬೇಕು. ನಿಮ್ಮ ಮಾತು ತಂದು ಇಟ್ರ, ಮಂದಿ ಬಾಯಾಗ ಕೈ ಹಾಕಿದಂಗ" ಎನ್ನುತ್ತಿದ್ದರು. ಕಾಮಾ ತೆರೆದು ಮುಚ್ಚಲು ಮರೆತವರಿಗೆ ಬೇರೆ ಬೈಗುಳ: "ಬಾಗಲಾ ತಗದಿಟ್ಟು ಎಲ್ಲಿ ಹ್ವಾದಿ? ಪುಟಾ ಮುಗಿಯೂತನಾ ನಿಮ್ಮವ್ವ ಮಾತಾಡಾಕ ಹತ್ಯಾಳ ನೋಡು!"

ಒಮ್ಮೆ ಬಸ್‌ಸ್ಟ್ಯಾಂಡಿನ ಹತ್ತಿರ ಹೊಸ ಖಾನಾವಳಿ ತೆರೆಯಿತು. ಬೋರ್ಡಿನಲ್ಲಿ ತುಪ್ಪದ ಪಕ್ಕ ಶುದ್ಧ ಎಂಬರ್ಥದ ಇಂಗ್ಲೀಷ್ ಪದವನ್ನು ಪೇಂಟರ್ ಜೋಡಿ ಕಾಮಾಗಳ ನಡುವೆ ಕೂಡಿಸಿದ್ದ. ಅಕ್ಕೋರು ರಸ್ತೆಯಲ್ಲೇ ನಿಂತು ಮಾಲೀಕನನ್ನು ಹೊರಗೆ ಕರೆದರು.

"ತುಪ್ಪಾ ಶುದ್ಧ ಐತಿ ಅಂತ ಯಾರು ಅಂದ್ರು?"

"ಯಾರೂ ಅಂದಿಲ್ರಿ ಅಕ್ಕೋರ. ಚಂದ ಕಾಣ್ತದ ಅಂತ ಪೇಂಟರ ಹಾಕ್ಯಾನ್ರಿ."

"ಯಾರೂ ಅಂದಿಲ್ಲಾ? ಹಂಗಾರ ನಾ ಒಳಗ ಬರೂದಿಲ್ಲ" ಎಂದು ಕೊಡೆ ಕುಟ್ಟುತ್ತ ಹೊರಟೇಬಿಟ್ಟರು. ಮಾಲೀಕ ಆ ವಾರವೇ ಕಾಮಾ ಅಳಿಸಿದ. ತುಪ್ಪ ಹೇಗಿತ್ತೋ ದೇವರಿಗೇ ಗೊತ್ತು.

ಅವರ ಕಲಿಸುವ ರೀತಿ ಎಂಥದೆಂದು ನನಗೆ ನಮ್ಮ ಅವ್ವನ ಮುಂದೆಯೇ ತಿಳಿಯಿತು. 'ನನ್ನ ತಾಯಿ' ಎಂಬ ಪ್ರಬಂಧದಲ್ಲಿ ನಾನು, ಕೆಲಸವೇ ದೇವರ ಪೂಜೆ ಎಂದು ಅವ್ವ ದಿನಾ ಹೇಳುತ್ತಾಳೆ ಅಂತ ಇಂಗ್ಲೀಷಿನಲ್ಲಿ ಕಾಮಾ ಹಾಕಿ ಬರೆದಿದ್ದೆ. ಅಕ್ಕೋರು ಅಂದು ಸಂಜೆ ನಮ್ಮ ಮನೆಗೆ ಬಂದು ಹೊಸ್ತಿಲ ಮೇಲೆ ಕೂತು, ಅದನ್ನು ಅವ್ವನಿಗೆ ಕನ್ನಡದಲ್ಲಿ ಓದಿ ಹೇಳಿದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ನಾ ಯಾವಾಗ ಅಂದ್ನಿರಿ? ನನಗ ಕೆಲಸ ಅಂದ್ರ ಸಾಕಾಗಿ ಹೋಗೈತ್ರಿ. ಮುಂದಿನ ಜನ್ಮಕ್ಕ ಗಂಡಸಾಗಿ ಹುಟ್ಟಿ ಕಟ್ಟೀ ಮ್ಯಾಲ ಕುಂಡರ್ತೇನಿ."

ಅಕ್ಕೋರ ಮುಖ ಅರಳಿತು. ಅವ್ವನ ಮಾತನ್ನು ಕನ್ನಡ ಅಕ್ಷರದಲ್ಲೇ ಕಾಮಾದ ಒಳಗೆ ಬರೆಸಿ, ಹೊರಗೆ ಅದರ ಅರ್ಥವನ್ನು ಇಂಗ್ಲೀಷಿನಲ್ಲಿ ಬರೆಸಿದರು. ಅವರ ಕ್ಲಾಸಿನ ಮಕ್ಕಳೆಲ್ಲ ಹೀಗೇ ಬರೆಯಬೇಕು. ಯಾರ ಮಾತು ಬರೆದರೂ ಅವರ ಮುಂದೆ ಹೋಗಿ ಓದಿ, ಹೌದು ಅನ್ನಿಸಿಕೊಂಡು ಬರಬೇಕು. ಇದೇನು ಕಲಬೆರಕೆ ಇಂಗ್ಲೀಷು ಎಂದು ಹೆಡ್‌ಮಾಸ್ತರರು ಗೊಣಗುತ್ತಿದ್ದರು. ಅಕ್ಕೋರು ಕೇಳಿಸಿಕೊಳ್ಳುತ್ತಿರಲಿಲ್ಲ.

ಈ ಹೆಡ್‌ಮಾಸ್ತರರ ವಿಷಯ ಬರೆಯುವಾಗ ಇಷ್ಟು ವರ್ಷದ ಮೇಲೂ ನನಗೆ ಸಿಟ್ಟು ಬರುತ್ತದೆ. ಆದರೂ ನಡೆದದ್ದನ್ನು ನಡೆದ ಹಾಗೆಯೇ ಹೇಳುತ್ತೇನೆ.

ನಾವು ಮ್ಯಾಟ್ರಿಕ್ ವರ್ಷದಲ್ಲಿದ್ದಾಗ ಶಾಲೆಯ ಕಮಿಟಿಯ ಚೇರ್ಮನ್ ಶೇಠರು ಭೇಟಿಗೆ ಬಂದರು. ಹೊರಗಿನಿಂದ ಬಂದು ಕಟ್ಟಿಗೆ ವ್ಯಾಪಾರದಲ್ಲಿ ನೆಲೆ ನಿಂತವರು. ಹಿಂದಿ ಆಡುವರು, ಇಂಗ್ಲೀಷು ಓದುವರು, ಕನ್ನಡ ಬಾರದು. ಅಂದು ಬೆಳಿಗ್ಗೆ ಕುಡಿಯುವ ನೀರು ತುಂಬಿಸಿರೆಂದು ಹೆಡ್‌ಮಾಸ್ತರರು ಕ್ಲಾರ್ಕನಿಗೆ ಹೇಳಿದ್ದರು. ಕ್ಲಾರ್ಕ ಸಿಪಾಯಿಗೆ ಹೇಳಿದ. ಸಿಪಾಯಿ ನಮ್ಮ ಕ್ಲಾಸಿನ ಹುಡುಗಿಯರಿಗೆ ಹೇಳಿ ಬೀಡಿ ಸೇದಲು ಹೋದ. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕಡೆಗೆ ತುದಿಯ ಬೆಂಚಿನ ಜುಬೇದಾಳಿಗೆ ಹೇಳಿ ಕೈತೊಳೆದುಕೊಂಡೆವು. ಅಷ್ಟರಲ್ಲಿ ಗಂಟೆ ಹೊಡೆಯಿತು, ಎಲ್ಲರೂ ಸಾಲಾಗಿ ನಿಂತೆವು. ಶೇಠರ ಎದುರಿಗೇ ಹೆಡ್‌ಮಾಸ್ತರರು ಹಂಡೆಯ ಮುಚ್ಚಳ ತೆಗೆದರೆ ಒಳಗೆ ಒಣ ತಳ.

"ಯಾರಿಗೆ ಹೇಳಿದ್ದೆ ನಾ?" ಎಂದು ಅವರು ಗುಡುಗಿದರು. ಕ್ಲಾರ್ಕ ಸಿಪಾಯಿಯನ್ನು ತೋರಿಸಿದ, ಸಿಪಾಯಿ ನಮ್ಮನ್ನು ತೋರಿಸಿದ, ನಾವು ಜುಬೇದಾಳನ್ನು ನೋಡಿದೆವು. ಲಾರಿ ರಿಪೇರಿ ಮೇಸ್ತ್ರಿಯ ಮಗಳು, ಮಾತಿನಲ್ಲಿ ಚುರುಕು. ತಲೆ ತಗ್ಗಿಸಿಕೊಂಡೇ ಅಂದಳು: "ನಾಯಿಗೆ ಹೇಳಿದ್ರ ನಾಯಿ ಬಾಲಕ್ಕ ಹೇಳ್ತಂತ. ಹಂಗ ಆತ್ರಿ ಸರ್."

ಎಲ್ಲರೂ ನಕ್ಕರು. ಕ್ಲಾರ್ಕ ನಕ್ಕ, ಸಿಪಾಯಿ ನಕ್ಕ. ಹೆಡ್‌ಮಾಸ್ತರರೂ ನಕ್ಕರು, ನಾನು ಕಣ್ಣಾರೆ ನೋಡಿದ್ದೇನೆ. ಯಾಕೆ ನಗಬಾರದು? ಅವರು ಪಕ್ಕದ ಹಳಿಯಾಳದಲ್ಲೇ ಹುಟ್ಟಿ ಬೆಳೆದವರು, ಆ ಗಾದೆಯನ್ನು ತಾಯಿಯ ಹಾಲಿನ ಜೊತೆಗೇ ಕುಡಿದವರು. ಆದರೆ ಏನು ಹಾಸ್ಯವೆಂದು ಶೇಠರು ಕೇಳಿದರು, ಕ್ಲಾರ್ಕ ಗಾದೆಯನ್ನು ಪದಕ್ಕೆ ಪದ ಹಿಂದಿಯಲ್ಲಿ ಹೇಳಿದ. ಶೇಠರು ಹೆಡ್‌ಮಾಸ್ತರರ ಕಡೆ ತಿರುಗಿ, "ತೋ ಕುತ್ತಾ ಕೌನ್?" ಅಂದರೆ ಹಾಗಾದರೆ ನಾಯಿ ಯಾರು ಎಂದು ಕೇಳಿ ತಾವೇ ಹೊಟ್ಟೆ ಹಿಡಿದುಕೊಂಡು ನಕ್ಕರು. ಈ ಸಲ ಹೆಡ್‌ಮಾಸ್ತರರು ನಗಲಿಲ್ಲ.

ಅಂದೇ ಅವರು ಕಮಿಟಿಗೆ ಇಂಗ್ಲೀಷಿನಲ್ಲಿ ವರದಿ ಬರೆದರು. ಅದರಲ್ಲಿ ಜುಬೇದಾ ಹೀಗಂದಳೆಂದು, ಜೋಡಿ ಕಾಮಾದ ಒಳಗೆ: ಹೆಡ್‌ಮಾಸ್ಟರ್ ಈಸ್ ಎ ಡಾಗ್ ಅಂಡ್ ಹಿಸ್ ಸ್ಟಾಫ್ ಈಸ್ ಹಿಸ್ ಟೇಲ್. ಹುಡುಗಿಯನ್ನು ಶಾಲೆಯಿಂದ ತೆಗೆದುಹಾಕಬೇಕು ಎಂದೂ ಬರೆದಿದ್ದರು. ಮ್ಯಾಟ್ರಿಕ್ ಪರೀಕ್ಷೆ ಹತ್ತಿರ ಬಂದಿತ್ತು. ಜುಬೇದಾ ಅವರ ಮನೆತನದಲ್ಲಿ ಅಷ್ಟು ದೂರ ಓದಿದ ಮೊದಲ ಹೆಣ್ಣು.

ಕಮಿಟಿ ಸೇರಿದ ಭಾನುವಾರ ಅಕ್ಕೋರು ನನ್ನನ್ನು ಸಾಕ್ಷಿಗೆಂದು ಕರೆದುಕೊಂಡು ಹೋದರು. ಅಂದು ಮಾತು ಕೇಳಿದ ಹುಡುಗಿಯರೆಲ್ಲರನ್ನೂ ಕರೆದಿದ್ದರು. ಉಳಿದವರನ್ನು ಮನೆಯವರು ಬಿಡಲಿಲ್ಲ. ಜುಬೇದಾ ಅಪ್ಪನ ಪಕ್ಕದಲ್ಲಿ ಗೋಡೆಗೆ ಒತ್ತಿ ನಿಂತಿದ್ದಳು. ವರದಿ ಓದಿ ಮುಗಿಯುವವರೆಗೂ ಅಕ್ಕೋರು ಕಾಯಲಿಲ್ಲ.

"ಈ ಮಾತು ಯಾರು ಅಂದ್ರು ಸರ್?"

"ನಿಮ್ಮ ಜುಬೇದಾ."

"ಇಂಗ್ಲೀಷಿನ್ಯಾಗ ಅಂದ್ಲೇನ್ರಿ? ಹೋದ ಪರೀಕ್ಷಾದಾಗ ಇಂಗ್ಲೀಷಿನ್ಯಾಗ ಅಕಿ ನಪಾಸ. ಇಷ್ಟು ಚಂದ ಅಂದಿದ್ರ ನಾನ ಫಸ್ಟ್ ಕ್ಲಾಸ್ ಮಾರ್ಕ್ಸ್ ಕೊಡ್ತಿದ್ನಲ್ಲರಿ!"

"ಅದು ಭಾಷಾಂತರ ಅಕ್ಕೋರ. ಅರ್ಥ ಅದ ಐತಿ."

"ನಿಮಗ ಹಂಗ ಅರ್ಥ ಆಗಿದ್ರ ಕಾಮಾ ತಗೀರಿ. ತಗದು, 'ಅಕಿ ನನಗ ನಾಯಿ ಅಂದ್ಲು ಅಂತ ನಾ ತಿಳಕೊಂಡೆ' ಅಂತ ನಿಮ್ಮ ಹೆಸರಿನ್ಯಾಗ ಬರೀರಿ. ನಿಮ್ಮ ತಿಳುವಳಿಕಿ ಹುಡುಗೀ ಬಾಯಾಗ ಯಾಕ ತುರುಕ್ತೀರಿ? ಈ ಗಾದಿ ಕೇಳಿ ನೀವ ನಕ್ಕಿಲ್ಲೇನ್ರಿ? ಈಕಿ ನೋಡ್ಯಾಳ, ಕೇಳ್ರಿ ಬೇಕಾದ್ರ!"

ನಾನು ಎದ್ದು ನಿಂತು, ಜುಬೇದಾ ಅಂದದ್ದನ್ನು ಅಂದ ಹಾಗೆಯೇ ಹೇಳಿದೆ. ಸರ್ ನಕ್ಕಿದ್ದನ್ನೂ ಹೇಳಿದೆ. ಅದು ಕೆಲಸ ಕೈಯಿಂದ ಕೈಗೆ ದಾಟಿಸುವವರಿಗೆ ಅನ್ನುವ ಗಾದೆ, ಯಾರನ್ನೂ ನಾಯಿ ಅಂದದ್ದಲ್ಲ ಎಂದು ಅಕ್ಕೋರು ಶೇಠರಿಗೆ ಹಿಂದಿಯಲ್ಲಿ ಬಿಡಿಸಿ ಹೇಳಿದರು. ಶೇಠರಿಗೆ ತಿಳಿಯಿತು ಎಂದೇ ನನಗೆ ಈಗಲೂ ಅನ್ನಿಸುತ್ತದೆ. ಆದರೆ ಹೊರಗೆ ಅವರ ಲಾರಿ ಹಾರ್ನ್ ಹೊಡೆಯುತ್ತಿತ್ತು. ಎರಡು ಕಾಮಾಕ್ಕಾಗಿ ಇಷ್ಟು ಗಲಾಟೆ ಯಾಕೆ ಬಾಯೀಜಿ, ಹುಡುಗಿ ಮಾಫಿ ಬರೆದುಕೊಟ್ಟರೆ ಮುಗಿಯಿತು ಎಂದರು. ಹೆಡ್‌ಮಾಸ್ತರರು ಮಾಫಿಯ ಕಾಗದವನ್ನು ಮೊದಲೇ ಟೈಪ್ ಮಾಡಿಸಿ ತಂದಿದ್ದರು. ಅದರಲ್ಲೂ ಅದೇ ಮಾತು, ಅದೇ ಕಾಮಾ. ಕೆಳಗೆ ಜುಬೇದಾ ಸಹಿ ಮಾಡುವುದಷ್ಟೇ ಬಾಕಿ.

"ನೀರು ತುಂಬಿಲ್ಲ ಅಂತ ಬರೀತೇನ್ರಿ. ದೊಡ್ಡಾವ್ರ ಮುಂದ ಮಾತಾಡಿದ್ನಿ, ಅದಕ್ಕೂ ಮಾಫಿ ಕೇಳ್ತೇನಿ" ಎಂದಳು ಜುಬೇದಾ. "ಸರ್‌ಗೆ ನಾಯಿ ಅಂತ ಅಂದಿಲ್ರಿ."

ಕಾಗದ ಇದ್ದ ಹಾಗೇ ಆಗಬೇಕು ಎಂದರು ಹೆಡ್‌ಮಾಸ್ತರರು. ಜುಬೇದಾಳ ಅಪ್ಪ ಮಸಿ ಹತ್ತಿದ ಕೈ ಜೋಡಿಸಿ, "ಸಹಿ ಕರ್ ದೇ ಬೇಟಿ, ದೊಡ್ಡ ಮಂದಿ ಕೂಡ ನಮಗ್ಯಾಕ" ಎಂದು ಗೋಗರೆದ. ಐದು ನಿಮಿಷ ವಿಚಾರ ಮಾಡಿ ಬನ್ನಿ ಎಂದು ನಮ್ಮನ್ನು ಪಡಸಾಲೆಗೆ ಕಳಿಸಿದರು.

ಪಡಸಾಲೆಯಲ್ಲಿ ಅಕ್ಕೋರು ಜುಬೇದಾಳ ಭುಜ ಹಿಡಿದರು. "ಮಾಡಿಬಿಡವಾ ಸಹಿ. ಕಾಮಾ ಮನಿ ಹಾಳಾಗ್ಲಿ. ಮೊದಲ ಪರೀಕ್ಷಾ ಮುಗಿಸಿಕೊ."

ಜುಬೇದಾ ಅವರನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಆಶ್ಚರ್ಯವಿತ್ತು. "ನಾ ಅಂದಿಲ್ರಿ ಅಕ್ಕೋರ" ಎಂದಳು. ಅಷ್ಟೇ. ಓಢಣಿ ತಲೆಯ ಮೇಲೆ ಎಳೆದುಕೊಂಡು ಮೆಟ್ಟಿಲಿಳಿದಳು. ಅಪ್ಪ ಒಂದು ಗಳಿಗೆ ಒಳಗೂ ಹೊರಗೂ ನೋಡಿ, ಮಗಳ ಹಿಂದೆ ನಡೆದ.

ಅವಳನ್ನು ತೆಗೆದುಹಾಕಿದರು. ಆ ಬೇಸಿಗೆಯಲ್ಲಿ ಕ್ಯಾಸಲ್‌ರಾಕಿನ ರೇಲ್ವೆ ಕೆಲಸದ ಹುಡುಗನ ಜೊತೆ ನಿಕಾಹ್ ಆಯಿತು. ಅಕ್ಕೋರಿಗೆ ಹೊಸ ವರ್ಷದಲ್ಲಿ ಇಂಗ್ಲೀಷಿನ ಕ್ಲಾಸು ಕೊಡಲಿಲ್ಲ. ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸಿರಿ ಎಂದರು. ಇಂಗ್ಲೀಷು ಕಲಿಸಲು ಬಂದವರ ಕೈಗೆ ಸೂಜಿ ದಾರ! ಆರು ತಿಂಗಳು ತಡೆದು, ಕೊಡೆ ಹಿಡಿದು ಮುಂಡಗೋಡಕ್ಕೆ ಹೋದರು. ಅಲ್ಲಿಯ ಒಂದು ಶಾಲೆಯಲ್ಲಿ ಕೆಲಸ ಸಿಕ್ಕಿತ್ತು.

ನಾನು ಧಾರವಾಡದಲ್ಲಿ ಶಿಕ್ಷಕಿಯರ ತರಬೇತಿಯಲ್ಲಿದ್ದಾಗ ಅವರಿಗೆ ಮೈ ನೆಟ್ಟಗಿಲ್ಲವೆಂದು ಕೇಳಿ, ಹುಬ್ಬಳ್ಳಿಯಿಂದ ಬಸ್ಸು ಹಿಡಿದು ನೋಡಲು ಹೋದೆ. ಉಬ್ಬಸ ಹೆಚ್ಚಾಗಿ ಮಂಚ ಹಿಡಿದಿದ್ದರು. ಸಿಟ್ಟು ಮಾತ್ರ ನೆಟ್ಟಗಿತ್ತು. ವೈದ್ಯರು ಕೊಟ್ಟ ಗುಳಿಗೆಯನ್ನೂ ಬೈದು ನುಂಗುತ್ತಿದ್ದರು. ಜುಬೇದಾ ಹೇಗಿದ್ದಾಳೆಂದು ಕೇಳಿದರು. ಒಂದು ಮಗುವಾಗಿದೆ, ಚೆನ್ನಾಗಿದ್ದಾಳೆ ಎಂದೆ. ಅದನ್ನು ಕೇಳಿ ಎದ್ದು ಕೂತರು.

"ಈ ಕತಿ ನೀ ಎಂದರ ಬರೀತಿ. ಬರದ್ರ ಪಡಸಾಲ್ಯಾಗ ನಾ ಅಂದದ್ದನ್ನೂ ಬರಿ. ಬಿಡಬ್ಯಾಡ."

"ಅವಳ ಒಳ್ಳೇದಕ್ಕ ಅಂದ್ರಿ ಅಕ್ಕೋರ. ಪರೀಕ್ಷಾ ಹೋಗಬಾರದು ಅಂತ..."

"ಯಾಕ ಅಂದೆ ಅನ್ನೂದನ್ನ ಕಾಮಾದ ಹೊರಗ ಬರಿ, ಬೇಕಾದ್ರ. ಅಂದದ್ದನ್ನ ಒಳಗ ಬರಿ. ಸುಳ್ಳಿಗೆ ಸಹಿ ಮಾಡು ಅಂತ ಆ ಹುಡುಗೀಗೆ ಅಂದಾಕಿ ನಾನ. ಬರಕೊ ಈಗ, ನನ್ನ ಮುಂದ!"

ನಾನು ಅಳುತ್ತಲೇ ಬರೆದುಕೊಂಡು, ಓದಿ ಹೇಳಿದೆ. ಹೌದು ಎಂದು ತಲೆಯಾಡಿಸಿ ಮಲಗಿದರು. ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ಹೆಡ್‌ಮಾಸ್ತರರು ನಿವೃತ್ತರಾದಾಗ ನಾನು ಅದೇ ಶಾಲೆಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಶಾಲು ಹೊದಿಸಿದರು, ಹಾರ ಹಾಕಿದರು. ಅವರು ಒಂದು ಗಂಟೆ ಮಾತಾಡಿದರು. ಜುಬೇದಾ ಎಂಬ ಹೆಸರು ಅದರಲ್ಲಿ ಒಮ್ಮೆಯೂ ಬರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು, ನಾನು ಕೈ ಕಟ್ಟಿಕೊಂಡು ಕೂತಿದ್ದೆ. ತಾವು ಆಡಿದ್ದನ್ನು ಆಡಿದೆ, ಆಡದ್ದನ್ನು ಆಡಿಲ್ಲ ಎಂದು ನೆಟ್ಟಗೆ ಹೇಳಿದವರು ನಮ್ಮ ಶಾಲೆಯಲ್ಲಿ ಇಬ್ಬರೇ ಇದ್ದರು. ಇಬ್ಬರನ್ನೂ ನಾವು ಹೊರಗೆ ಹಾಕಿದೆವು.