ಆಚಾರ್ಯರ ಮಾಳಿಗೆಯ ವೈ-ಫೈ

ನಾನು ನಿಂತಿದ್ದು ಶಹಾಬಾದಿನ ನಮ್ಮ ಓಣಿಯಲ್ಲಿ, ಪಾಂಡುರಂಗಾಚಾರ್ಯರ ಮನೆಯ ಮಾಳಿಗೆ ಮೇಲೆ, ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು. ಎರಡೂ ಕೈಯಲ್ಲಿ ಒಂದು ಕಬ್ಬಿಣದ ಪೈಪು. ಹೋದ ತಿಂಗಳ ಕೊನೆಯ ಭಾನುವಾರ, ಬೆಳಗಿನ ಹತ್ತೂವರೆಯಿಂದ ಹನ್ನೆರಡರ ತನಕ. ನಡುವೆ ಒಮ್ಮೆಯೂ ಕೆಳಗಿಳಿಯಲಿಲ್ಲ. (ಇಳಿಯುವ ಆಸೆ ಇತ್ತು, ಬಿಸಿಲು ಹಾಗಿತ್ತು. ಆದರೆ ಪೈಪು ಬಿಟ್ಟಿದ್ದರೆ ಅದು ಭೀಮಾಶಂಕರನ ತಲೆ ಮೇಲೆ ಬೀಳುತ್ತಿತ್ತು.)

ಇಷ್ಟು ಕರಾರುವಾಕ್ಕಾಗಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಅದೇ ಹೊತ್ತಿನಲ್ಲಿ, ಹನ್ನೊಂದು ದಾಟಿ ಸ್ವಲ್ಪ ಹೊತ್ತಿಗೆ, ಊರಿನ ಒಂದು ಶಾಲೆಯ ಹೆಡ್‌ಮಾಸ್ಟರಿಗೆ ಇ-ಮೇಲ್ ಹೋಗಿದೆ. ಹತ್ತನೇ ತರಗತಿಯ ಪ್ರಿಪರೇಟರಿ ಪರೀಕ್ಷೆ ಮುಂದಕ್ಕೆ ಹಾಕದಿದ್ದರೆ ಶಾಲೆಗೆ ಬೆಂಕಿ ಹಚ್ಚುತ್ತೇವೆ ಎಂದು. ಹೋಗಿದ್ದು ಆಚಾರ್ಯರ ಹೆಸರಿನಲ್ಲಿರುವ ಟೆಲಿಫೋನ್ ಲೈನಿನಿಂದ. ಆಚಾರ್ಯರು ಎಪ್ಪತ್ತು ದಾಟಿದವರು, ಆಗ ಪೂಜೆಗೆ ಕುಳಿತಿದ್ದರು. ಪೊಲೀಸರು ಕರೆದದ್ದು ಭೀಮಾಶಂಕರನನ್ನು.

ಭೀಮಾಶಂಕರ ಕಾಗಿಣಾ ಹೊಳೆಯ ದಂಡೆಯ ಹಳೆಯ ಮನೆತನದವನು. ಅಜ್ಜ ದೋಣಿಯಲ್ಲಿ ಜನರನ್ನು ದಾಟಿಸುತ್ತಿದ್ದರಂತೆ. ಇವನು ಡಿಪ್ಲೊಮಾ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವ ಗೆಸ್ಟ್ ಲೆಕ್ಚರರ್. ನಮ್ಮ ಓಣಿಯಲ್ಲೇ ಬಾಡಿಗೆಗೆ ಇದ್ದಾನೆ. ಆಚಾರ್ಯರ ಮನೆಗೆ ಬ್ರಾಡ್‌ಬ್ಯಾಂಡ್ ಬಂದಾಗ ಇಡೀ ಓಣಿಯಲ್ಲಿ ಅದೊಂದೇ ಲೈನು. ‘ಇಷ್ಟೊಂದ ಇಂಟರ್‌ನೆಟ್ ತಗೊಂಡು ಈ ಮುದುಕ ಏನ್ ಮಾಡ್ಲಿ?’ ಎಂದು ಅವರೇ ಇವನನ್ನು ಕೇಳಿದ್ದರು. ಓಣಿಗೆಲ್ಲ ಹಂಚೋಣ ಎಂದಿದ್ದ ಇವನು.

ಹೊರದೇಶದಲ್ಲಿ ಯಾರೋ ಪುಣ್ಯಾತ್ಮರು ನೆರೆಹೊರೆಯವರೊಂದಿಗೆ ವೈ-ಫೈ ಹಂಚಿಕೊಳ್ಳಲೆಂದೇ ಒಂದು ತಂತ್ರಾಂಶ ಮಾಡಿದ್ದಾರೆ. ರೂಟರಿನ ಹೊಟ್ಟೆಯೊಳಗೆ ಕೂರುವ ಈ ಬಗೆಯ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಆದರೆ ಅದು ಅವರದೇ ಪೆಟ್ಟಿಗೆಯಲ್ಲಿ ಮಾತ್ರ ನಡೆಯುತ್ತದೆ. ನಮ್ಮಲ್ಲಿ ಸಿಗುವ ಸಾದಾ ರೂಟರಿಗೆ, ಎಲ್ಲರೂ ಬಿಚ್ಚಿ ನೋಡಬಹುದಾದ, ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶ ಹಾಕಿ, ಅದರ ಮೇಲೆ ಇದನ್ನು ಒಗ್ಗಿಸಬೇಕು. ಆ ಕೆಲಸಕ್ಕೆ ಪೋರ್ಟಿಂಗ್ ಎಂದು ಹೆಸರು. ಭೀಮಾಶಂಕರ ದೀಪಾವಳಿಯಿಂದ ಅದರಲ್ಲೇ ಇದ್ದ. ಒಂದು ರೂಟರು ನಡುವೆ ಕರೆಂಟು ಹೋಗಿ ಸತ್ತೇ ಹೋಯಿತು.

ಎರಡನೆಯದರ ಮೆಮೊರಿಯಲ್ಲಿ ಜಾಗ ಸಾಲಲಿಲ್ಲ. ಬಟ್ಟೆ ಕಡಿಮೆ ಬಿದ್ದರೆ ದರ್ಜಿ ಅಂಗಿಗೆ ಕಿಸೆ ಬಿಡುವ ಹಾಗೆ ಏನನ್ನಾದರೂ ಬಿಡಲೇಬೇಕಿತ್ತು. ಇವನು ಆಚಾರ್ಯರ ಪಡಸಾಲೆಗೆ ಬಂದು ಕೇಳಿದ. ನಾನೂ ಅಲ್ಲೇ ಇದ್ದೆ.

‘ಕಾಕಾ, ಯಾರು ಬಂದ್ರು ಅಂತ ಹೆಸರ ಕೇಳಿ ಒಳಗ ಬಿಡೋ ಭಾಗ ಭಾಳ ಜಾಗ ತಿನ್ನಲಿಕತ್ತದ್ರಿ.’

‘ಇಪ್ಪತ್ತ ವರ್ಷ ನಮ್ಮನಿ ಫೋನಿಗೆ ಬಂದವರನ್ನ ಹೆಸರ ಕೇಳೀನೇನು? ತಗದ ಹಾಕು ಅದನ್ನ!’

ಹಳಬರಿಗೆ ಗೊತ್ತು, ತೊಂಬತ್ತರ ದಶಕದಲ್ಲಿ ಅರ್ಧ ಓಣಿಯ ವಿಸಿಟಿಂಗ್ ಕಾರ್ಡಿನಲ್ಲಿ, ಮದುವೆ ಪತ್ರಿಕೆಯಲ್ಲಿ ಇದ್ದದ್ದು ಆಚಾರ್ಯರ ನಂಬರು, ಪಕ್ಕದಲ್ಲಿ ‘ಪಿ.ಪಿ.’, ಅಂದರೆ ಫೋನು ಬೇರೆಯವರದು, ಕರೆಸಿಕೊಡುತ್ತಾರೆ ಎಂದು. ಫೋನ್ ಬಂದರೆ ಅವರು ಬಾಗಿಲಿಗೆ ಬಂದು ಕೂಗುತ್ತಿದ್ದರು. ನಾವು ಅಂಗಿ ಹಾಕಿಕೊಳ್ಳುತ್ತಲೇ ಓಡುತ್ತಿದ್ದೆವು. ಹೆಸರು ಕೇಳುವುದೇನು ಬಂತು? ಮುಖ ಕಾಣುತ್ತಿತ್ತಲ್ಲ! ಆಡಿದ ಮಾತೂ ಕೇಳುತ್ತಿತ್ತು. ವೈ-ಫೈ ಬಳಸುವವನು ಪಡಸಾಲೆಗೆ ಬರುವುದಿಲ್ಲ, ಚಪ್ಪಲಿ ಬಿಡುವುದಿಲ್ಲ, ತನ್ನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂರುತ್ತಾನೆ. ಈ ವ್ಯತ್ಯಾಸ ಆಚಾರ್ಯರಿಗೆ ಹೊಳೆಯಲಿಲ್ಲ. ನಮ್ಮಿಬ್ಬರಿಗಾದರೂ ಹೊಳೆಯಬೇಡವೇ?

ನಮ್ಮ ಕಡೆಯ ಕಲ್ಲಿನ ಗೋಡೆಗಳು ಸಿಗ್ನಲ್ಲನ್ನು ನುಂಗಿಬಿಡುತ್ತವೆ. ಹಾಗಾಗಿ ಆ ಭಾನುವಾರ, ರೂಟರು ಚಾಲೂ ಇರುವಾಗಲೇ, ಅಂಟೆನಾ ಮಾಳಿಗೆಗೆ ಏರಿತು, ನಾನು ಪೈಪು ಹಿಡಿದೆ, ಭೀಮಾಶಂಕರ ಸ್ಟೂಲು ಹತ್ತಿ ತಂತಿ ಬಿಗಿದ. ಅವನ ಕಂಪ್ಯೂಟರ್ ಅವನ ಮನೆಯಲ್ಲಿ, ಮನೆಗೆ ಬೀಗ, ಬೀಗದ ಕೈ ನನ್ನ ಕಿಸೆಯಲ್ಲಿ. (ಅವನ ಕಿಸೆ ಹರಿದಿತ್ತು.) ಅವನ ಕೈಯಲ್ಲಿ ಇಕ್ಕಳ ಬಿಟ್ಟು ಬೇರೇನೂ, ಮೊಬೈಲು ಕೂಡ, ಇರಲಿಲ್ಲ.

ಇದನ್ನೆಲ್ಲ ಹೀಗೆಯೇ ಠಾಣೆಯಲ್ಲಿ ಹೇಳಿದೆ. ಸಬ್ ಇನ್‌ಸ್ಪೆಕ್ಟರ್ ಕುರ್ಚಿ ಕೊಟ್ಟು, ಪೂರ್ತಿ ಕೇಳಿಸಿಕೊಂಡರು.

‘ನೀವು ಹೇಳೋದು ಖರೆ ಇರಬಹುದ್ರಿ. ಆದ್ರ ನೀವು ಅವನ ದೋಸ್ತ್. ಆ ಮಶೀನ್ ಕಟ್ಟಿದವ ಅವನೇ, ಯಾರು ಬಂದ್ರು ಅಂತ ಕೇಳೋದು ತಗದವನೂ ಅವನೇ. ಇನ್ನೊಬ್ಬರು ಯಾರರೆ ಬಂದು ನೋಡೀನಿ ಅನ್ಲಿ, ಬಿಟ್ಟುಬಿಡ್ತೀನಿ.’

ಅಲ್ಲಿಯವರೆಗೆ ಭೀಮಾಶಂಕರ ದಿನಾ ಠಾಣೆಗೆ ಬಂದು ಸಹಿ ಮಾಡಬೇಕು. ಕಾಲೇಜಿನಿಂದ ಅವನಿಗೆ ಫೋನ್ ಬಂತು, ‘ಮ್ಯಾಟರ್ ಕ್ಲಿಯರ್ ಆಗೋ ತನಕ ಬರಬ್ಯಾಡ್ರಿ.’ ಗೆಸ್ಟ್ ಲೆಕ್ಚರರ್‌ಗೆ ಅದರ ಅರ್ಥ ಬಿಡಿಸಿ ಹೇಳಬೇಕೆ? ಜೂನ್‌ನಲ್ಲಿ ಆ ಜಾಗದಲ್ಲಿ ಇನ್ನೊಬ್ಬರು ಇರುತ್ತಾರೆ.

ಇನ್ನೊಬ್ಬರು ಬಂದರೆ ಸಾಕಲ್ಲ ಎಂದುಕೊಂಡು, ಆ ದಿನ ನಮ್ಮನ್ನು ಮಾಳಿಗೆಯ ಮೇಲೆ ನೋಡಿದ್ದವರೊಬ್ಬರ ಮನೆಗೆ ಹೋದೆ. ‘ಬರ್ರಿ, ಕುಂದ್ರಿ’ ಎಂದರು. ಚಹಾ ಬಂತು.

‘ನೋಡೀನ್ರಿ. ನೋಡಿಲ್ಲ ಅಂತ ಯಾವ ಬಾಯಿಲೆ ಹೇಳ್ಲಿ? ಆದ್ರ ಭೀಮು ಅಲ್ಲ ಅಂದಕೂಡ್ಲೇ, ಮತ್ತ ಯಾರು ಅಂತ ಕೇಳ್ತಾರ.’

‘ಕೇಳ್ಲಿ ಬಿಡ್ರಿ.’

‘ಕೇಳ್ಲಿ ಅಂತೀರಿ! ಓಣ್ಯಾಗ ಹತ್ತನೇ ಕ್ಲಾಸಿನ ಹುಡುಗರು ಎಷ್ಟ ಮಂದಿ ಹಾರ? ನಮ್ಮ ಮೊಮ್ಮಗ ಒಬ್ಬ. ನಿಮ್ಮ ಮಗ ಇಲ್ಲೇನ್ರಿ?’

ಇದ್ದಾನೆ. ಅದೇ ಶಾಲೆ, ಅದೇ ತರಗತಿ.

ಓಣಿಯ ಬಾಯಿ ಯಾಕೆ ಮುಚ್ಚಿದೆ ಎಂದು ಆಗ ತಿಳಿಯಿತು. ಭೀಮಾಶಂಕರನ ಮೇಲೆ ಯಾರಿಗೂ ಸಿಟ್ಟಿಲ್ಲ. ಅವನು ಅಪರಾಧಿ ಎಂದು ಯಾರೂ ನಂಬಿಯೂ ಇಲ್ಲ. ಆದರೆ ಅವನು ಈ ಆರೋಪದಿಂದ ಪಾರಾದರೆ ಅನುಮಾನ ಎದ್ದು ಒಂದೊಂದೇ ಮನೆಯ ಬಾಗಿಲು ತಟ್ಟುತ್ತದೆ. ಬಾಡಿಗೆಯವನ ಬಾಗಿಲಲ್ಲೇ ಇರಲಿ ಬಿಡು.

ಮನೆಗೆ ಬಂದು ಮಗನನ್ನು ಕೇಳಿದೆ. ‘ನಾ ಯಾಕ ಮಾಡ್ಲಿ ಅಪ್ಪಾ? ನಂದು ಎಲ್ಲಾ ಓದಿ ಮುಗಿದಿತ್ತು’ ಎಂದ. ನಂಬಿದೆ. ನಂಬಿದ ಮೇಲೂ, ಆ ಹೊತ್ತಿಗೆ ಇವನು ಎಲ್ಲಿದ್ದ ಎಂದು ಅವನಮ್ಮನನ್ನು ಅಡುಗೆಮನೆಯಲ್ಲಿ ಬೇರೆಯಾಗಿ ಕೇಳಿದೆ. ನೆನಪಿಲ್ಲ ಎಂದಳು. ಅವತ್ತಿನಿಂದ ಕೂತರೆ ಏಳಬೇಕೆನಿಸುತ್ತದೆ, ಎದ್ದರೆ ಎಲ್ಲಿಗೆ ಹೋಗಲಿ ತಿಳಿಯುವುದಿಲ್ಲ. ಆದರೂ ಠಾಣೆಯಲ್ಲಿ ಹೇಳಿದ ಮಾತನ್ನು ಹಿಂತೆಗೆದುಕೊಂಡಿಲ್ಲ. ನನ್ನ ಮಗ ಎಲ್ಲಿದ್ದ ಎಂದು ನಾನು ನೋಡಿಲ್ಲ. ಭೀಮಾಶಂಕರ ಎಲ್ಲಿದ್ದ ಎಂದು ನೋಡಿದ್ದೇನೆ. ನೋಡಿದ್ದನ್ನಷ್ಟೇ ಹೇಳಬಲ್ಲೆ.

ಮೊನ್ನೆ ಭೀಮಾಶಂಕರ ಸಿಕ್ಕ. ಬೇಡದ್ದನ್ನೆಲ್ಲ ಕಿತ್ತು, ಹೆಸರು ಕೇಳುವ ಭಾಗವನ್ನು ರೂಟರಿನಲ್ಲಿ ಹೇಗೋ ಕೂರಿಸಿದ್ದಾನೆ. ‘ಈಗ ಛಲೋ ನಡೀಲಿಕತ್ತದ್ರಿ ಸರ್,’ ಎಂದ. ‘ಆದ್ರ ಹೆಸರ ಹಾಕಿ ಒಳಗ ಬರೋರು ಒಬ್ಬರೂ ಇಲ್ಲ.’

ಯಾರ ಹೆಸರನ್ನೂ ಹೇಳಬಾರದೆಂದು ನಾನೂ ಇಷ್ಟು ದಿನ ಸುಮ್ಮನಿದ್ದೆ. ಆದರೆ ಊರೆಲ್ಲ ಒಬ್ಬನ ಹೆಸರನ್ನು ಮಾತ್ರ ಹೇಳುತ್ತಿರುವಾಗ ಇನ್ನುಳಿದವನ್ನು ನಾನೇಕೆ ಮುಚ್ಚಿಡಲಿ?

ಅಂದು ಭೀಮಾಶಂಕರನನ್ನು ಮಾಳಿಗೆಯ ಮೇಲೆ ಕಂಡವರು ಇವರು: ಎದುರು ಮಾಳಿಗೆಯಲ್ಲಿ ಸಂಡಿಗೆ ಇಡುತ್ತ, ‘ಬೀಳ್ತೀಯೋ ಭೀಮು, ಹುಷಾರ್’ ಎಂದು ಕೂಗಿದ ಶರಣಮ್ಮನವರು. ಓಣಿಯ ಕೊನೆಯ ಮನೆಯ ಕಿಡಕಿಯಲ್ಲಿ ನಿಂತು ಸಿಗ್ನಲ್ ‘ಬಂತು, ಹೋಯ್ತು’ ಎಂದು ಅವನಿಗೆ ಸಾರುತ್ತಿದ್ದ ನಿವೃತ್ತ ರೈಲ್ವೆ ಗಾರ್ಡ್ ವೆಂಕೋಬರಾಯರು. ಪೈಪು ತಂದುಕೊಟ್ಟು, ಟ್ಯಾಂಕಿನ ನೆರಳಲ್ಲಿ ಕೂತು ಕೆಲಸ ಮುಗಿಯುವವರೆಗೂ ನೋಡಿದ, ಮನೆ ಕಟ್ಟುವ ಗೌಂಡಿ ಖಾಜಾ ಸಾಬ್.

ಮೂವರೂ ಇನ್ನೂ ಬದುಕಿದ್ದಾರೆ. ಅಲ್ಲವೇ?