ಎಷ್ಟು ಒತ್ತಿದರೂ ಒಂದು

ನೀಲಾಂಬಿಕಾ ಕೊಪ್ಪಳ ಜಿಲ್ಲೆಯವಳು. ಹುಟ್ಟಿದ್ದು ೧೯೯೮ರ ಜೂನ್ ೧ರಂದು ಎಂದು ಶಾಲೆಯ ದಾಖಲೆ ಹೇಳುತ್ತದೆ. ಅಂದಿನ ಮೇಷ್ಟ್ರು ಇಡೀ ತರಗತಿಗೆ ಅದೇ ದಿನಾಂಕವನ್ನು ಬರೆದಿದ್ದರಾದ್ದರಿಂದ ನಂಬುವಂತಿಲ್ಲ. ಪೀಣ್ಯದ ಕಾರ್ಖಾನೆಯೊಂದರಲ್ಲಿ ವಾಷರುಗಳ ದಪ್ಪವನ್ನು ಡಯಲ್ ಗೇಜಿನಿಂದ ಅಳೆಯುವುದು ಅವಳ ಕೆಲಸ. ಪ್ರತಿ ವಾಷರಿಗೂ ಮೊದಲು ಗೇಜಿನ ಮುಳ್ಳನ್ನು ಸೊನ್ನೆಗೆ ತರಬೇಕು. ತಾರದೆ ಅಳೆದವರು ಆ ವಿಭಾಗದಲ್ಲಿ ಉಳಿದದ್ದಿಲ್ಲ. ಆರು ವರ್ಷ ನಿಂತೇ ದುಡಿದು ಅವಳ ಹಿಮ್ಮಡಿಗಳು ಸೋತಿದ್ದವು. ಕುಳಿತು ಮಾಡುವ ಕೆಲಸ ಬೇಕೆಂದೇ ವೆಬ್ ಪುಟ ಮಾಡಲು ಕಲಿಸುವ ಭಾನುವಾರದ ಉಚಿತ ತರಗತಿಗೆ ಸೇರಿದಳು.

೨೦೨೫ರ ಮಾರ್ಚ್ ೯, ಭಾನುವಾರ. ಬಟನ್ ಒತ್ತಿದಂತೆಲ್ಲ ಸಂಖ್ಯೆ ಒಂದೊಂದೇ ಏರುವ ಪುಟವನ್ನು ಅಂದು ಮಧ್ಯಾಹ್ನದೊಳಗೆ ಮಾಡಿ ತೋರಿಸಬೇಕಿತ್ತು. ತೋರಿಸಿದವರಿಗೆ ಮುಂದಿನ ತರಗತಿ. ಉಳಿದವರ ಜಾಗ ಬೇರೆಯವರ ಪಾಲು. ವೇರಿಯಬಲ್ ಎಂದರೆ ಹೆಸರು ಬರೆದ ಡಬ್ಬಿ, ಒಳಗಿನ ಬೆಲೆ ಬದಲಾಗುತ್ತಿರುತ್ತದೆ ಎಂದು ಪಾಠ ಹೇಳುವ ನಂದೀಶ್ ತಿಳಿಸಿದ್ದರು. ಅವಳು 'ಎಣಿಕೆ' ಎಂಬ ಡಬ್ಬಿ ಮಾಡಿದಳು. ಒತ್ತಿದಳು: ಒಂದು. ಮತ್ತೆ ಒತ್ತಿದಳು: ಒಂದು. ಇದೇ ಗೋಳು ಮೂರನೆಯ ಭಾನುವಾರಕ್ಕೆ ಬಂದಿತ್ತು.

"ಡಬ್ಬಿ ಐತಿ, ಹೆಸರೈತಿ, ಕೂಡಸೂದೂ ಐತಿ. ಎರಡ್ ಯಾಕ ಬರವಲ್ದು?"

ಪಕ್ಕದಲ್ಲಿದ್ದ ಲೇತ್ ಕೆಲಸದ ಪಂಚಾಕ್ಷರಿ ತಲೆಯೆತ್ತಲಿಲ್ಲ. "ನಿಂದು ಒಂದಾದ್ರೂ ಬಂತಲ್ಲಕ್ಕಾ. ನಂದು ಪುಟಾನೇ ಖಾಲಿ."

ನಂದೀಶ್ ಬಂದು ಹಿಂದೆ ನಿಂತರು. "ಬಟನ್ ಒತ್ತಿದ್ರೆ ಏನೇನಾಗುತ್ತೆ, ಸಾಲು ಸಾಲಾಗಿ ಹೇಳಿ ಮೇಡಂ."

"ಡಬ್ಬಿ ಸೊನ್ನಿ ಮಾಡ್ತೈತ್ರಿ. ಆಮ್ಯಾಲ ಒಂದು ಕೂಡಸ್ತೈತಿ. ಆಮ್ಯಾಲ ತೋರಸ್ತೈತಿ."

"ಪ್ರತಿ ಸಲ ಸೊನ್ನೆ ಯಾಕೆ?"

"ಮಾಡ್ಲಿಲ್ಲಂದ್ರ ಹೋದ ಸಲದ್ದು ಈ ಸಲಕ್ಕ ಸೇರ್ಕೊಂತೈತಲ್ರಿ ಸರ್."

"ಸೇರ್ಲಿ ಅಂತಾನೇ ಕಣ್ರೀ ಡಬ್ಬಿ ಇಟ್ಕೊಂಡಿರೋದು."

ಅವಳ ಕಿವಿ ಬಿಸಿಯಾಯಿತು. ಆರು ವರ್ಷ ಗೇಜಿನ ಮುಂದೆ ಅಪರಾಧವೆಂದು ತಿಳಿದದ್ದು ಇಲ್ಲಿ ನಿಯಮವಾಗಿತ್ತು. ಸೊನ್ನೆಯ ಸಾಲನ್ನು ಬಟನ್ನಿನ ಕೆಲಸದಿಂದ ಕಿತ್ತು, ಪುಟ ತೆರೆದಾಗ ಒಮ್ಮೆ ಮಾತ್ರ ನಡೆಯುವಂತೆ ಮೇಲೆ ಇಟ್ಟಳು. ಒತ್ತಿದಳು. ಒಂದು, ಎರಡು, ಮೂರು. ಹಿಗ್ಗಲಿಲ್ಲ, ಯಾರನ್ನೋ ಬೈಯುವವಳಂತೆ ಒತ್ತುತ್ತಲೇ ಹೋದಳು.

"ಸಾಕು ಬಿಡಿ, ಬಟನ್ ಕಿತ್ಕೊಂಡು ಬರುತ್ತೆ," ಎಂದು ನಂದೀಶ್ ಮುಂದಿನ ತರಗತಿಗೆ ಅವಳ ಹೆಸರನ್ನು ಬರೆದುಕೊಂಡರು. "ಅರ್ಥ ಆಯ್ತಲ್ಲ?"

"ಆತ್ರಿ. ಸಿಟ್ಟು ಇಳಿದಿಲ್ಲ. ಮುಂದಿನ ಪಾಠಾನೂ ಹಿಂಗ ಕಾಡ್ತೈತೇನ್ರಿ?"

"ಇದಕ್ಕಿಂತ ಜಾಸ್ತಿ."

"ಹಂಗಾರ ಈಗ್ಲೇ ಶುರು ಮಾಡ್ರಿ," ಎಂದಳು ಅವಳು, ಮುಖ ಗಂಟಿಕ್ಕಿಕೊಂಡೇ.