ಬಾಣಂತಿ ಹೋಳು

ಪೆನೆದಾಲ್ವ ಊರಿನಲ್ಲಿ ನಲವತ್ತರೊಳಗಿನ ಯಾರೇ ಆಗಲಿ, ಈ ಲೋಕದಲ್ಲಿ ಮೊದಲು ಕಂಡ ಮುಖ ಗ್ರಸಿಂದಾಳದು. ಅವಳು ಆ ಊರಿನ ಸೂಲಗಿತ್ತಿ. ಗಂಡ ಕಲ್ಲು ಒಡೆಯುವವನು; ಎದೆಗೆ ದೂಳು ಸೇರಿ ಮೂವತ್ತೆಂಟಕ್ಕೇ ಹೋಗಿಬಿಟ್ಟ. ಮಕ್ಕಳಾಗಿರಲಿಲ್ಲ. ಬಟ್ಟೆ ಒಗೆಯುವ ತೊಟ್ಟಿಯ ಬಳಿ ಹೆಂಗಸರು ಅದನ್ನೆತ್ತಿ ಅಯ್ಯೋ ಪಾಪ ಎಂದರೆ, "ನಿಮ್ಮವುಗಳ ಮೂಗು ಒರೆಸಿದ್ದೇ ಸಾಕಾಗಿದೆ ಮಾರಾಯ್ತಿ, ನನಗೆ ಬೇರೆ ಬೇಕಾ?" ಎಂದು ಹಿಂಡಿದ ಬಟ್ಟೆಯನ್ನು ಬುಟ್ಟಿಗೆ ಎಸೆದು ಹೊರಟುಬಿಡುತ್ತಿದ್ದಳು.

ಹೆರಿಗೆಯಾದ ಮನೆಗೆ ಮೊದಲ ತಟ್ಟೆ ಅವಳೇ ಒಯ್ಯಬೇಕು. ಅವಳ ತಾಯಿ ನಡೆಸಿಕೊಂಡು ಬಂದದ್ದನ್ನು ಅವಳೂ ನಡೆಸಿದ್ದಳು. ಹಳೆಯ ಗೋಧಿ ಬ್ರೆಡ್ಡನ್ನು ದಪ್ಪ ಹೋಳು ಮಾಡಿ, ಹಾಲಿನಲ್ಲಿ ನೆನೆಸಿ, ಮೊಟ್ಟೆಯಲ್ಲಿ ಅದ್ದಿ ಎಣ್ಣೆಯಲ್ಲಿ ಕರಿದದ್ದು. ಪಟ್ಟಣದವರು ಅದಕ್ಕೆ ಬೇರೆ ಹೆಸರು ಹೇಳುತ್ತಾರೆ, ಆದರೆ ಪೆನೆದಾಲ್ವದಲ್ಲಿ ಅದು ಬಾಣಂತಿ ಹೋಳು. ಹೆತ್ತು ಬಸವಳಿದವಳಿಗೆ ರಕ್ತ ತುಂಬಬೇಕು, ಹಾಲು ಇಳಿಯಬೇಕು. ದಿನವೂ ಮೆಕ್ಕೆಜೋಳದ ಗಟ್ಟಿ ಬ್ರೆಡ್ಡನ್ನೇ ಅಗಿಯುವ ಊರಿನಲ್ಲಿ ಗೋಧಿ, ಮೊಟ್ಟೆ, ಸಕ್ಕರೆ ಒಟ್ಟಿಗೆ ಒಂದು ತಟ್ಟೆಗೆ ಬರುವುದು ಎರಡೇ ಸಲ. ಒಂದು, ಹೆರಿಗೆಯಾದಾಗ. ಇನ್ನೊಂದು, ಕ್ರಿಸ್ಮಸ್ಸಿಗೆ. ಕೊಟ್ಟಿಗೆಯಲ್ಲಿ ಹೆತ್ತ ಆ ತಾಯಿಯ ಹೆಸರಿನಲ್ಲಿ ಅಂದು ಊರಿಗೆ ಊರೇ ಬಾಣಂತಿ ಊಟ ಮಾಡುತ್ತಿತ್ತು.

ಐವತ್ತೇಳನೇ ಇಸವಿಯ ಡಿಸೆಂಬರಿನಲ್ಲಿ, ಸಂತ ಲೂಸಿಯಾಳ ಹಬ್ಬದ ದಿನ, ಆಲ್ಬೀನಾಳಿಗೆ ನೋವು ಶುರುವಾಗಿ ಎರಡನೆಯ ದಿನ. ಆಲ್ಬೀನಾಳಿಗೆ ಇಪ್ಪತ್ತೆರಡು ವರ್ಷ, ಚೊಚ್ಚಲು. ಕೂಸು ಅಡ್ಡ ತಿರುಗಿ ಕೂತಿತ್ತು. ಗಂಡ ಅದೆಲಿನೋನನ್ನು ಬೆಳಿಗ್ಗೆಯೇ ಡಾಕ್ಟರನ್ನು ಕರೆತರಲು ಪಟ್ಟಣಕ್ಕೆ ಓಡಿಸಿದ್ದಾಗಿತ್ತು. ಅತ್ತೆ ಕುಸ್ತೋದಿಯಾ ಅಡುಗೆಮನೆಯಲ್ಲಿ ನೀರು ಕಾಯಿಸುತ್ತಿದ್ದಳು. ಮಧ್ಯಾಹ್ನದ ಹೊತ್ತಿಗೆ ಗ್ರಸಿಂದಾ ಕೂಸನ್ನು ಕಾಲು ಹಿಡಿದೇ ಹೊರತಂದಳು. ಹೆಣ್ಣು. ಮೈಯೆಲ್ಲ ನೀಲಿ. ಬೆನ್ನು ಉಜ್ಜಿದಳು, ಬಾಯಿಯಿಂದ ಲೋಳೆ ತೆಗೆದಳು. ಆಗ ಅದು ಒಮ್ಮೆ ಕೂಗಿತು. ಕೂಗು ಎನ್ನುವಷ್ಟೂ ಅಲ್ಲ, ಎಣ್ಣೆ ಕಾಣದ ಬಾಗಿಲ ಕೀಲು ಸದ್ದು ಮಾಡಿದ ಹಾಗೆ ಒಂದು ಸಲ.

ಅದೇ ಕ್ಷಣ ಹಾಸಿಗೆಯ ಮೇಲೆ ರಕ್ತ ಧಾರೆಗಟ್ಟಿತು.

ತಾಯಿ ಗ್ರಸಿಂದಾಳಿಗೆ ಕಲಿಸಿದ ಮೊದಲ ಪಾಠ ನೀರಿನದು. ಜೀವ ಹೋಗುವ ಕೂಸಿಗೆ ಪಾದ್ರಿ ಬರಲೆಂದು ಕಾಯಬೇಕಿಲ್ಲ. ಯಾರು ಬೇಕಾದರೂ ತಲೆಗೆ ನೀರು ಹಾಕಿ ಜ್ಞಾನಸ್ನಾನದ ಮಾತು ಹೇಳಿದರೆ ಆಯಿತು, ಆ ಕೂಸು ದೇವರದು. ನೀರು ಕಾಣದೆ ಹೋದದ್ದಕ್ಕೆ ಸ್ವರ್ಗವೂ ಇಲ್ಲ, ನರಕವೂ ಇಲ್ಲ, ಹೂಳಲು ಇಗರ್ಜಿಯ ಪವಿತ್ರ ಮಣ್ಣೂ ಇಲ್ಲ. ನೀರಿನ ಬೋಗುಣಿ ಮೂರು ಹೆಜ್ಜೆ ಆಚೆ ಪೆಟ್ಟಿಗೆಯ ಮೇಲಿತ್ತು. ಗ್ರಸಿಂದಾ ಕೂಸನ್ನು ಹಾಸಿಗೆಯ ಕಾಲ್ದೆಸೆಯಲ್ಲಿ ಮಲಗಿಸಿ ಎರಡು ಕೈಗಳನ್ನೂ ಆಲ್ಬೀನಾಳ ಕಿಬ್ಬೊಟ್ಟೆಗೆ ಒತ್ತಿ ತನ್ನ ಮೈಭಾರವನ್ನೆಲ್ಲ ಹಾಕಿದಳು. ಎಷ್ಟು ಹೊತ್ತು ಹಾಗೆ ಇದ್ದಳೋ. ಕೈ ಜೋಮು ಹಿಡಿದು ತನ್ನವಲ್ಲ ಅನ್ನಿಸುವ ಹೊತ್ತಿಗೆ ರಕ್ತ ನಿಂತಿತು. ತಿರುಗಿ ಕೂಸನ್ನು ಮುಟ್ಟಿದರೆ ತಣ್ಣಗಿತ್ತು.

ಬಿಸಿನೀರಿನ ಪಾತ್ರೆ ಹಿಡಿದು ಒಳಬಂದ ಕುಸ್ತೋದಿಯಾ, "ಏನಾಯ್ತೇ? ಸದ್ದೇ ಇಲ್ವಲ್ಲ?" ಎಂದಳು.

"ಸತ್ತೇ ಹುಟ್ಟಿತು," ಎಂದಳು ಗ್ರಸಿಂದಾ.

ಯಾಕೆ ಹಾಗೆಂದಳೋ. ಬದುಕಿತ್ತು ಎಂದರೆ ಮುಂದಿನ ಪ್ರಶ್ನೆ ನೀರಿನದೇ ಎಂಬುದು ನಾಲಿಗೆಗೆ ಅವಳಿಗಿಂತ ಮೊದಲೇ ಹೊಳೆದಿತ್ತು. ಸಂಜೆ ಪಾದ್ರಿಗಳು ಕೇಳಿದಾಗಲೂ ಅದನ್ನೇ ಹೇಳಿದಳು. ಡಾಕ್ಟರು ಸಿಗದೆ ಬರಿಗೈಯಲ್ಲಿ ಬಂದ ಅದೆಲಿನೋ ಹಲಗೆ ಜೋಡಿಸಿ ಪೆಟ್ಟಿಗೆ ಮಾಡಿ, ಇಗರ್ಜಿಯ ಗೋಡೆಯಾಚೆ ತುರಿಕೆಸೊಪ್ಪು ಬೆಳೆದ ಮೂಲೆಯಲ್ಲಿ ತಾನೇ ಅಗೆದು ಹೂಳಿದ. ಗಂಟೆ ಬಾರಿಸಲಿಲ್ಲ. ಪಾದ್ರಿಗಳು ಬರಲಿಲ್ಲ.

ಆ ಮನೆಗೆ ಯಾರೂ ತಟ್ಟೆ ಒಯ್ಯಲಿಲ್ಲ. ಗ್ರಸಿಂದಾಳೂ ಒಯ್ಯಲಿಲ್ಲ. ದಿನಾ ಬೆಳಿಗ್ಗೆ ಹೋಗೋಣ ಎಂದುಕೊಂಡು ಹೊರಡುವಳು, ಅವರ ಮನೆಯ ತಿರುವು ಬಂದಾಗ ಕಾಲು ಬೇರೆ ದಾರಿ ಹಿಡಿಯುವುದು. ಐದನೆಯ ದಿನ ಹಂದಿ ಕೊಯ್ಯುವ ಕೆಲಸಕ್ಕೆ ಕುಸ್ತೋದಿಯಾ ಸೊಸೆಯನ್ನು ಎಬ್ಬಿಸಿದಳಂತೆ, ಅವಳು ಒಲೆಯ ಮುಂದೆಯೇ ಕುಸಿದಳಂತೆ ಎಂಬ ಸುದ್ದಿ ತೊಟ್ಟಿಯ ಬಳಿ ಕಿವಿಗೆ ಬಿತ್ತು.

ಕ್ರಿಸ್ಮಸ್ಸಿನ ಬೆಳಿಗ್ಗೆ ಗ್ರಸಿಂದಾ ಬೆಳಕು ಹರಿಯುತ್ತಿದ್ದಂತೆ ಒಲೆ ಹೊತ್ತಿಸಿದಳು. ಹಿಂದಿನ ರಾತ್ರಿ ಅವಳು ಯಾರ ಮನೆಯ ಹಬ್ಬದ ಊಟಕ್ಕೂ ಹೋಗಿರಲಿಲ್ಲ. ಮೂರು ದಿನದ ಹಿಂದೆ ಬ್ರೆಡ್ ಗಾಡಿಯವನಿಂದ ತಂದ ಉದ್ದನೆಯ ಗೋಧಿ ಬ್ರೆಡ್ ಈಗ ಹದವಾಗಿ ಒಣಗಿತ್ತು. ಎರಡು ಬೆರಳು ದಪ್ಪಕ್ಕೆ ಓರೆಯಾಗಿ ಕೊಯ್ದಳು. ನಿಂಬೆಸಿಪ್ಪೆ, ಚಕ್ಕೆ ಹಾಕಿ ಹಾಲು ಕಾಯಿಸಿ, ಉಗುರುಬೆಚ್ಚಗಾಗಲು ಬಿಟ್ಟು, ಹೋಳುಗಳನ್ನು ಒಂದೊಂದಾಗಿ ಮುಳುಗಿಸಿದಳು. ಹೆಚ್ಚು ನೆನೆದರೆ ಮುರಿಯುತ್ತದೆ, ಕಡಿಮೆಯಾದರೆ ನಡುವೆ ಒಣಕಲಾಗಿ ಉಳಿಯುತ್ತದೆ. ಕೈಯಲ್ಲಿ ಹಿಡಿದರೆ ಹಸುಗೂಸಿನ ಕೆನ್ನೆಯಂತೆ ಇರಬೇಕು ಎಂದು ತಾಯಿ ಹೇಳುತ್ತಿದ್ದಳು. ಮೊದಲನೆಯದು ಕೈಯಲ್ಲೇ ಎರಡಾಯಿತು. ನಲವತ್ತು ವರ್ಷದಲ್ಲಿ ಹಾಗಾದದ್ದು ಇಲ್ಲ. ಅದನ್ನು ಕೋಳಿಗಳಿಗೆ ಎಸೆದು ಉಳಿದವನ್ನು ಮೊಟ್ಟೆಯಲ್ಲಿ ಹೊರಳಿಸಿ ಎಣ್ಣೆಗೆ ಬಿಟ್ಟಳು. ಎರಡೂ ಮಗ್ಗುಲು ಕೆಂಪಗಾದ ಮೇಲೆ ತೆಗೆದು, ಸಕ್ಕರೆ, ಚಕ್ಕೆಪುಡಿ ಉದುರಿಸಿ, ಜೇನು ಹಾಕಿ ಕಾಯಿಸಿದ ಕೆಂಪು ವೈನನ್ನು ಮೇಲೆ ಸುರಿದಳು. ಆರು ಹೋಳು. ಇಗರ್ಜಿಯಲ್ಲಿ ಪೂಜೆಯ ಮೊದಲ ಗಂಟೆ ಆಗುತ್ತಿತ್ತು. ಅವಳು ತಟ್ಟೆಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಇಗರ್ಜಿಯ ಕಡೆಗೆ ಬೆನ್ನು ಹಾಕಿ ನಡೆದಳು.

ಕುಸ್ತೋದಿಯಾ ಮೇಜಿನ ಮೇಲಿನ ತಟ್ಟೆಗಳನ್ನು ತೆಗೆಯುತ್ತಿದ್ದಳು. ಹಬ್ಬದ ಊಟದ ಮೇಜನ್ನು ಬೆಳಗಿನವರೆಗೆ ಹಾಗೇ ಬಿಡುವುದು ಅಲ್ಲಿಯ ಪದ್ಧತಿ, ಮನೆಯ ಸತ್ತವರು ಬಂದು ಉಣ್ಣಲಿ ಎಂದು. ಗಂಡನಿಗೊಂದು, ತಾಯಿಗೊಂದು, ನದಿಯಲ್ಲಿ ಮುಳುಗಿ ಹೋದ ಮೈದುನನಿಗೊಂದು: ಮೂರು ತಟ್ಟೆ ಇಟ್ಟಿದ್ದಳು. ನಾಲ್ಕನೆಯದಿರಲಿಲ್ಲ.

"ಏನೇ ಇದು, ಪೂಜೆಗೆ ಹೋಗೋದು ಬಿಟ್ಟು?"

"ಬಾಣಂತಿಗೆ ತಂದೆ."

"ಯಾವ ಬಾಣಂತಿಗೆ?" ಕುಸ್ತೋದಿಯಾ ಬಟ್ಟೆ ಬಿಚ್ಚಿ ನೋಡಿದಳು. "ಓಹೋ, ವೈನು ಬೇರೆ! ಮಗು ಇದ್ರೆ ಬಾಣಂತಿ ಕಣೇ. ಇಲ್ದಿದ್ರೆ ಬರೀ ಕಾಯಿಲೆಯೋಳು. ಹನ್ನೆರಡು ದಿನ ಆಯ್ತು ಹಾಸಿಗೆ ಬಿಟ್ಟು ಏಳೋ ಮನಸ್ಸಿಲ್ಲ, ಇನ್ನು ನೀನು ಹಿಂಗೆಲ್ಲ ತಂದು ತಿನ್ನಿಸು, ಈಸ್ಟರ್‌ವರೆಗೂ ಮಲಗ್ತಾಳೆ."

"ಅವಳ ಮೈಯಲ್ಲಿ ರಕ್ತ ಇಲ್ಲ ಕುಸ್ತೋದಿಯಾ. ನಾನು ಕಣ್ಣಾರೆ ಕಂಡಿದೀನಿ."

"ನಂದೂ ಎರಡು ಹೋಗಿವೆ. ಮೂರನೇ ದಿನ ನಾನು ಹೊಲದಲ್ಲಿದ್ದೆ. ನಂಗೆ ಯಾರು ತಂದ್ರು ಹೋಳು? ನಿಮ್ಮಮ್ಮ ತಂದ್ಳಾ?"

ಗ್ರಸಿಂದಾ ತಟ್ಟೆಯನ್ನು ಮತ್ತೆ ಬಟ್ಟೆಯಿಂದ ಮುಚ್ಚಿದಳು. ಅವಳ ತಾಯಿ ತಂದಿರಲಿಲ್ಲ. ಒಲೆಯ ಪಕ್ಕ ಕೂತಿದ್ದ ಅದೆಲಿನೋ ತಲೆಯೆತ್ತದೆ, "ಒಳಗೆ ಹೋಗಿ ಅತ್ತೆ," ಎಂದ. ಆ ಊರಿನಲ್ಲಿ ವಯಸ್ಸಾದ ಹೆಂಗಸರೆಲ್ಲ ಎಲ್ಲರಿಗೂ ಅತ್ತೆಯೇ.

ಆಲ್ಬೀನಾ ಗೋಡೆಗೆ ಒರಗಿ ಕೂತಿದ್ದಳು. ಹಾಲು ಇಂಗಲೆಂದು ಎದೆಗೆ ಎಲೆಕೋಸಿನ ಎಲೆ ಇಟ್ಟು ಬಟ್ಟೆ ಬಿಗಿದಿದ್ದರು. ಆದರೂ ಅಂಗಿಯ ಮೇಲೆ ಎರಡು ಒದ್ದೆ ಕಲೆಗಳಿದ್ದವು. ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಹೋಳನ್ನು ಪೂರ್ತಿ ತಿಂದಳು. ಎರಡನೆಯದನ್ನೂ ತಿಂದಳು. ಹಸಿದವಳು ಹೇಗೆ ತಿನ್ನುತ್ತಾಳೋ ಹಾಗೆ, ಬೆರಳು ನೆಕ್ಕಿಕೊಂಡು. ಗ್ರಸಿಂದಾಳಿಗೆ ಸ್ವಲ್ಪ ಸಮಾಧಾನವಾಗುತ್ತಿತ್ತು, ಅಷ್ಟರಲ್ಲಿ ಅವಳು ಕೇಳಿದಳು:

"ಅತ್ತೆ, ಅದು ಕೂಗಿತಲ್ಲ?"

ಹೊರಗೆ ತಟ್ಟೆ ಜೋಡಿಸುವ ಸದ್ದು.

"ಎಲ್ಲರೂ ನಂಗೆ ಭ್ರಮೆ ಅಂತಾರೆ. ಜ್ವರ ಇತ್ತು ಅಂತಾರೆ. ನೀವು ಹೇಳಿ."

"ಕೂಗಿತು," ಎಂದಳು ಗ್ರಸಿಂದಾ. "ಒಂದೇ ಸಲ."

ಆಲ್ಬೀನಾ ಕಣ್ಣು ಮುಚ್ಚಿ ತೆರೆದಳು. "ನೀರು?"

"ಹಾಕಲಿಲ್ಲ. ಇದ್ದದ್ದು ಎರಡೇ ಕೈ ಮಗಳೇ. ಎರಡೂ ನಿನ್ನ ಮೇಲಿದ್ವು."

"ಒಂದು ಗಳಿಗೆ ಬಿಡೋದಕ್ಕೆ ಆಗ್ತಿರಲಿಲ್ವಾ?"

"ಬಿಟ್ಟಿದ್ರೆ ನೀನು ಉಳೀತಿರಲಿಲ್ಲ. ಉಳೀತಿದ್ಯೋ ಏನೋ. ನಿಜ ಹೇಳ್ಬೇಕಂದ್ರೆ ನಂಗೆ ಗೊತ್ತಿಲ್ಲ. ದಿನಾ ಯೋಚನೆ ಮಾಡ್ತೀನಿ. ಗೊತ್ತಾಗಲ್ಲ."

ಆಲ್ಬೀನಾ ಅಳಲಿಲ್ಲ, ಬೈಯಲೂ ಇಲ್ಲ. ತಟ್ಟೆಯನ್ನು ಪಕ್ಕಕ್ಕಿಟ್ಟು ಬಹಳ ಮೆಲ್ಲಗೆ ಹೇಳಿದಳು: "ಹೋಗಿ ಸ್ವಾಮಿಗಳ ಹತ್ರ ಹೇಳಿ. ಜೀವ ಇತ್ತು, ನೀರು ಹಾಕಿದೆ ಅಂತ."

"ಸುಳ್ಳು ಹೇಳು ಅಂತೀಯಾ?"

"ಒಂದು ಸುಳ್ಳು ಆಗ್ಲೇ ಹೇಳಿದೀರಲ್ಲ ಅತ್ತೆ. ಅದು ನಿಮಗೋಸ್ಕರ. ಇದೊಂದು ನಂಗೋಸ್ಕರ ಹೇಳಿ."

ಗ್ರಸಿಂದಾ ಮಂಚದ ಅಂಚಿನಿಂದ ಎದ್ದು, "ಹೆಸರೇನು ಅಂತ ಕೇಳ್ತಾರೆ," ಎಂದಳು.

"ಲೂಸಿಯಾ."

ಪೂಜೆ ಮುಗಿದು ಜನ ಹೊರಬರುವಾಗ ಅವಳು ಗುಂಪಿಗೆ ಎದುರಾಗಿ ಒಳಗೆ ಹೋದಳು. ಪಾದ್ರಿಗಳು ಇಗರ್ಜಿಯ ಹಿಂದಿನ ಕೋಣೆಯಲ್ಲಿ ಪೂಜೆಯ ಬಟ್ಟೆ ಕಳಚುತ್ತಿದ್ದರು. ಅವಳು ಹೇಳಿದ್ದನ್ನು ಕೇಳಿ ಅವರ ಕೈ ಅರ್ಧದಲ್ಲಿ ನಿಂತಿತು.

"ಅವತ್ತು ನಾನು ನಿನ್ನ ಬಾಯಿಂದಲೇ ಕೇಳಿದ್ದು. ಸತ್ತೇ ಹುಟ್ಟಿತು ಅಂದೆ."

"ಗಾಬರಿಯಾಗಿತ್ತು ಸ್ವಾಮಿ."

"ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿರೋಳಿಗೆ ಗಾಬರಿ? ಯಾವ ನೀರು ಹಾಕಿದೆ?"

"ಬೋಗುಣಿಯಲ್ಲಿತ್ತು."

"ಏನು ಹೇಳಿ ಹಾಕಿದೆ?"

ಅವಳು ಜ್ಞಾನಸ್ನಾನದ ಮಾತುಗಳನ್ನು ತಪ್ಪಿಲ್ಲದೆ ಹೇಳಿದಳು, ನಡುವೆ ಲೂಸಿಯಾ ಎಂಬ ಹೆಸರನ್ನೂ ಸೇರಿಸಿದಳು. ಪಾದ್ರಿಗಳು ಗೋಡೆಯ ಶಿಲುಬೆಯನ್ನು ತೆಗೆದು ಮೇಜಿನ ಮೇಲಿಟ್ಟರು. "ಮುಟ್ಟಿ ಹೇಳು."

ಗ್ರಸಿಂದಾ ದೇವರಿಗೆ ಹೆದರುವ ಹೆಂಗಸು. ಮಳೆಯಿರಲಿ ಮಂಜಿರಲಿ ಪೂಜೆ ತಪ್ಪಿಸಿದವಳಲ್ಲ; ಆವತ್ತಿನದೇ ಮೊದಲು. ಅವಳು ಶಿಲುಬೆಯ ಮೇಲೆ ಬಲಗೈ ಇಟ್ಟು, "ಹಾಕಿದೆ," ಎಂದಳು. ಮರ ಮಂಜುಗಡ್ಡೆಯಷ್ಟು ತಣ್ಣಗಿತ್ತು.

ಪಾದ್ರಿಗಳು ಶಿಲುಬೆಯನ್ನು ಮತ್ತೆ ಗೋಡೆಗೆ ತೂಗಿಹಾಕಿದರು. "ನಿನ್ನ ಎರಡು ಮಾತಿನಲ್ಲಿ ಒಂದು ಸುಳ್ಳು. ಯಾವುದು ಅಂತ ನನಗೆ ಗೊತ್ತಿಲ್ಲ. ಗೊತ್ತಿಲ್ಲದ ಮೇಲೆ ನಾನು ಮಣ್ಣು ಅಗೆಸಲಾರೆ. ಅದು ಇರೋ ಜಾಗದಲ್ಲೇ ಇರಲಿ."

ಜನವರಿಯ ಮೊದಲ ಭಾನುವಾರ ಅವರು ಪ್ರಸಂಗದಲ್ಲಿ ಹೆಸರು ಹೇಳದೆ ಹೇಳಿದರು: ಕೂಸಿಗೆ ಜೀವವಿತ್ತೋ ಇಲ್ಲವೋ ಎಂಬುದನ್ನೇ ಎರಡು ಬಗೆಯಾಗಿ ಹೇಳುವ ಕೈಗೆ ಕ್ರೈಸ್ತರ ಮಕ್ಕಳನ್ನು ಒಪ್ಪಿಸಬಾರದು. ಎಲ್ಲರೂ ಹಿಂದಿನ ಸಾಲಿಗೆ ತಿರುಗಿ ನೋಡಿದರು. ಮೊದಮೊದಲು ಒಬ್ಬಿಬ್ಬರು ಹಿತ್ತಿಲ ಬಾಗಿಲಿಂದ ಬಂದು ಕರೆದರು. ಮರುವರ್ಷ ಊರಿಗೆ ಪಟ್ಟಣದ ಬಸ್ಸು ಬಂತು, ಆಸ್ಪತ್ರೆಗೆ ಹೋಗುವುದು ರೂಢಿಯಾಯಿತು, ಅವಳನ್ನು ಕರೆಯುವವರು ಇಲ್ಲವಾದರು. ಅವಳು ಕೋಳಿ ಸಾಕಿದಳು, ಬೇರೆಯವರ ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡಿದಳು. ದಾರಿಯಲ್ಲಿ ಕುಸ್ತೋದಿಯಾ ಸಿಕ್ಕರೆ, "ಬೆಳಿಗ್ಗೆ ಒಂದು ಮಾತು, ಸಂಜೆ ಒಂದು ಮಾತು, ಅಲ್ವೇನೇ?" ಎಂದು ಎಲ್ಲರಿಗೂ ಕೇಳುವಂತೆ ಕೆಣಕಿ ಹೋಗುತ್ತಿದ್ದಳು.

ಅದನ್ನೆಲ್ಲ ಅವಳು ತಡೆದುಕೊಂಡಳು. ತಡೆಯಲು ಕಷ್ಟವಾದದ್ದು ಬೇರೆ. ಪಾದ್ರಿಗಳ ಮುಂದೆ ಪಾಪನಿವೇದನೆ ಮಾಡದೆ ಪೂಜೆಯಲ್ಲಿ ಕೊಡುವ ಪರಮಪ್ರಸಾದ ತೆಗೆದುಕೊಳ್ಳುವಂತಿಲ್ಲ. ನಿವೇದನೆ ಮಾಡಿದರೆ ಈ ಸುಳ್ಳನ್ನೂ ಹೇಳಬೇಕು, ಹೇಳಿದರೆ, ನೀರು ಹಾಕಲಿಲ್ಲವೆಂದು ತಿದ್ದಿ ಹೇಳು ಎನ್ನುತ್ತಾರೆ. ಹಾಗಾಗಿ ಪ್ರತಿ ಭಾನುವಾರ ಹೋಗಿ ಕೊನೆಯ ಸಾಲಿನಲ್ಲಿ ಕೂರುವಳು; ಎಲ್ಲರೂ ಪ್ರಸಾದಕ್ಕೆ ಎದ್ದಾಗ ಅವಳು ಎದ್ದವರಿಗೆ ಜಾಗ ಬಿಡಲು ಕಾಲು ಮಡಚಿಕೊಳ್ಳುವಳು. ಹೀಗೆ ಹದಿನೆಂಟು ವರ್ಷ.

ಆಲ್ಬೀನಾಳಿಗೆ ಮತ್ತೆ ಇಬ್ಬರು ಗಂಡುಮಕ್ಕಳಾದರು, ಪಟ್ಟಣದ ಆಸ್ಪತ್ರೆಯಲ್ಲಿ. ಕುಸ್ತೋದಿಯಾ ಸತ್ತ ಮೇಲೆ ಅವಳು ಆಗಾಗ ಗ್ರಸಿಂದಾಳ ಮನೆಗೆ ಬಂದು ಕೂರುವುದು ಶುರುವಾಯಿತು. ಕೋಳಿಯ ಮಾತು, ಚಳಿಯ ಮಾತು. ಆ ಮಾತೊಂದನ್ನು ಇಬ್ಬರೂ ಎತ್ತಲಿಲ್ಲ. ಅವಳಿಂದ ಗ್ರಸಿಂದಾಳಿಗೆ ಒಂದು ಒಳ್ಳೆಯ ಮಾತೂ ಸಿಗಲಿಲ್ಲ, ಕೆಟ್ಟ ಮಾತೂ ಸಿಗಲಿಲ್ಲ.

ಎಪ್ಪತ್ತಾರರ ಫೆಬ್ರವರಿಯಲ್ಲಿ ಗ್ರಸಿಂದಾ ಎದೆ ಕಟ್ಟಿ ಹಾಸಿಗೆ ಹಿಡಿದಳು. ಹಳೆಯ ಪಾದ್ರಿಗಳು ತೀರಿಕೊಂಡು ಹೊಸಬರು, ಇನ್ನೂ ಹರೆಯದವರು, ಬಂದಿದ್ದರು. ಅವರು ಮಂಚದ ಪಕ್ಕ ಕುರ್ಚಿ ಎಳೆದು ಕೂತು, ಕೊನೆಯ ಪಾಪನಿವೇದನೆ ಕೇಳಲು ಎಲ್ಲರನ್ನೂ ಹೊರಗೆ ಕಳಿಸಿದರು. ಸ್ವಲ್ಪ ಹೊತ್ತಿಗೇ ಬಾಗಿಲು ತೆರೆದು ಹೊರಗೆ ನಿಂತಿದ್ದ ಆಲ್ಬೀನಾಳನ್ನು ಕರೆದರು. "ಹೇಳೋದು ಏನೂ ಇಲ್ಲ ಅಂತಿದ್ದಾರೆ. ಏನೋ ಇದೆ ಅನ್ನಿಸುತ್ತೆ ನನಗೆ. ನಿಮ್ಮ ಮಾತು ಕೇಳ್ತಾರಾ ನೋಡಿ."

ಆಲ್ಬೀನಾ ಒಳಗೆ ಹೋಗಿ ಅವಳ ಕಿವಿಯ ಬಳಿ ಬಾಗಿದಳು. "ಹೇಳಿಬಿಡಿ ಅತ್ತೆ. ಇಷ್ಟು ವರ್ಷ ಆಯ್ತು. ಇವರು ಯಾರಿಗೂ ಹೇಳೋದಿಲ್ಲ. ನೀವು ಹೀಗೆ ಹೋಗ್ಬೇಡಿ."

ಗ್ರಸಿಂದಾಳ ಉಸಿರು ಎಳೆದೆಳೆದು ಬರುತ್ತಿತ್ತು. "ಹೇಳಿದ್ರೆ," ಎಂದಳು, "ಲೂಸಿಯಾಗೆ ನೀರಿಲ್ಲ ಅಂತಾಗುತ್ತೆ."

ಆಮೇಲೆ ಗೋಡೆಯ ಕಡೆಗೆ ಮಗ್ಗುಲಾದಳು. ಪಾದ್ರಿಗಳು ಮತ್ತೆರಡು ಸಲ ಕೇಳಿದರು, ಅವಳು ಬಾಯಿ ಬಿಡಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಪ್ರಾಣ ಹೋಯಿತು. ಮೈ ತೊಳೆಯಲು ಬಂಧುಗಳು ಯಾರೂ ಇರಲಿಲ್ಲ. ಆಲ್ಬೀನಾ ಬಾಗಿಲು ಹಾಕಿಕೊಂಡು ಒಬ್ಬಳೇ ತೊಳೆದಳು. ಕೈಗಳನ್ನು ತೊಳೆಯುವುದಕ್ಕೆ ಬಹಳ ಹೊತ್ತು ಹಿಡಿಯಿತು.